ಸಂಘಕ್ಕೆ ದುಡ್ಡು ಕಟ್ಟಿ ಸುಮ್ನೆ ಕೂರಬೇಡಿ

ಪೀಣ್ಯ, ರಾಜಾಜಿನಗರದ ಕಡೆ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿರುವವರಿಗೆ ಒಂದು ಮಾತು. ಪೀಣ್ಯ ಕೈಗಾರಿಕಾ ಸಂಘವೋ ಕಾಸಿಯಾವೋ (ಕರ್ನಾಟಕದ ಸಣ್ಣ ಕೈಗಾರಿಕೆಗಳ ಸಂಘ), ಯಾವುದಕ್ಕೇ ಸೇರಿ, ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದರೆ ಏನೂ ಗಿಟ್ಟುವುದಿಲ್ಲ. ನಾನು ಎರಡು ವರ್ಷ ಅದನ್ನೇ ಮಾಡಿದೆ.

ಆಮೇಲೆ ಒಬ್ಬ ಗಿರಾಕಿ ಬಿಲ್ ದುಡ್ಡು ಕೊಡದೆ ಐದು ತಿಂಗಳು ಸತಾಯಿಸಿದ. ಸಂಘದ ಸಭೆ ಮುಗಿದು ಕಾಫಿ ಕುಡಿಯುವಾಗ ಹಿರಿಯರೊಬ್ಬರ ಹತ್ತಿರ ಹೇಳಿಕೊಂಡೆ. ‘ಉದ್ಯಮ್ ನೋಂದಣಿ ಮಾಡಿಸಿದ್ದೀರಾ?’ ಅಂತ ಕೇಳಿದರು. ಕಿರು, ಸಣ್ಣ, ಮಧ್ಯಮ ಉದ್ಯಮಗಳು (ಎಂಎಸ್‌ಎಂಇ) ಕೇಂದ್ರ ಸರ್ಕಾರದಲ್ಲಿ ಮಾಡಿಸಿಕೊಳ್ಳುವ ನೋಂದಣಿ ಅದು. ಮಾಡಿಸಿದ್ದೆ, ಅದರ ಉಪಯೋಗ ಗೊತ್ತಿರಲಿಲ್ಲ ಅಷ್ಟೇ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕಿರು, ಸಣ್ಣ ಉದ್ಯಮಗಳಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇಂಥ ಬಾಕಿ ತಕರಾರು ಬಗೆಹರಿಸುವ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ದೂರನ್ನೂ ಕೊಡಬಹುದು. ಇಷ್ಟನ್ನೇ ಬರೆದು ಒಂದು ಪತ್ರ ಕಳಿಸಿದೆ. ಮುಂದಿನ ವಾರವೇ ದುಡ್ಡು ಬಂತು! (ನೋಂದಣಿ ಇಲ್ಲದವರು ಮಾಲು ಕಳಿಸುವ ಮೊದಲೇ ಮಾಡಿಸಿಕೊಳ್ಳಿ. ಅದಕ್ಕೆ ಶುಲ್ಕವಿಲ್ಲ, ಏಜೆಂಟರಿಗೆ ದುಡ್ಡು ಸುರಿಯಬೇಡಿ.)

ರಫ್ತು ಮಾಡುವ ಯೋಚನೆ ಇದ್ದರೆ ಕೆಂಪೇಗೌಡ ರಸ್ತೆಯ ಎಫ್‌ಕೆಸಿಸಿಐ (ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ) ನೋಡಿ. ಸರ್ಟಿಫಿಕೇಟ್ ಆಫ್ ಒರಿಜಿನ್, ಅಂದರೆ ಮಾಲು ಯಾವ ದೇಶದಲ್ಲಿ ತಯಾರಾಯಿತು ಅನ್ನೋ ಪ್ರಮಾಣಪತ್ರ, ಅಲ್ಲಿ ಕೊಡುತ್ತಾರೆ.

ಸಭೆಯಲ್ಲಿ ಭಾಷಣಕ್ಕಿಂತ ಊಟದ ಹೊತ್ತೇ ಮುಖ್ಯ, ಅಲ್ವಾ? ಸಿಕ್ಕಸಿಕ್ಕವರಿಗೆಲ್ಲ ವಿಸಿಟಿಂಗ್ ಕಾರ್ಡ್ ಹಂಚಬೇಡಿ. ಇಬ್ಬರ ಹತ್ತಿರ ಕೂತು ನಿಮ್ಮ ಮೆಷಿನ್ ಯಾವುದು, ಯಾವ ದಿನ ಖಾಲಿ ಇರುತ್ತದೆ ಅಂತ ಹೇಳಿ. ನನಗೆ ಜಾಬ್‌ವರ್ಕ್ (ಬೇರೆ ಕಂಪನಿಯವರಿಗೆ ನಮ್ಮ ಮೆಷಿನ್‌ನಲ್ಲಿ ಮಾಡಿಕೊಡುವ ಕೆಲಸ) ಜಾಸ್ತಿ ಸಿಕ್ಕಿದ್ದು ಹಾಗೇ.