ಅರ್ಧ ಕಾರು, ಅರ್ಧ ಕಾಲು: ಅಮ್ಮನ ಉಲುರು ಪ್ರದಕ್ಷಿಣೆ

ಮಂಡಿನೋವಿನ ಅಮ್ಮನನ್ನು ಆಸ್ಟ್ರೇಲಿಯಾದ ನಡುವಿನ ಮರುಭೂಮಿಯ ದೊಡ್ಡ ಕೆಂಪು ಬಂಡೆ ಉಲುರುಗೆ ಕರೆದುಕೊಂಡು ಹೋಗ್ತೀನಿ ಅಂದಾಗ ಮೆಲ್ಬರ್ನಿನ ನಮ್ಮ ಪರಿಚಯದವರಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. "ಬಂಡೆ ಹತ್ತೋದನ್ನೇ 2019ರಲ್ಲಿ ನಿಲ್ಲಿಸಿದ್ದಾರೆ, ಇನ್ನು ಅಲ್ಲಿ ನೋಡೋದೇನು?" ಅಂತ ಒಬ್ಬರು. "ಅಷ್ಟು ದುಡ್ಡಿಗೆ ನ್ಯೂಜಿಲೆಂಡ್ ನೋಡಿ ಬರಬಹುದು" ಅಂತ ಇನ್ನೊಬ್ಬರು. "ವಯಸ್ಸಾದವರಿಗೆ ಮರುಭೂಮಿ ಯಾಕೆ ಮಾರಾಯ್ತಿ" ಅಂತ ನನ್ನ ಗೆಳತಿ. ಕಳೆದ ಆಗಸ್ಟಿನಲ್ಲಿ ಹೋಗಿ ಬಂದೆವು. ಅಮ್ಮ, ಅಪ್ಪಯ್ಯ, ನಾವಿಬ್ಬರು, ಇಬ್ಬರು ಮಕ್ಕಳು. ಮೂರು ರಾತ್ರಿ. ಅಮ್ಮನ ಪ್ರದಕ್ಷಿಣೆಯೂ ಆಯಿತು. ಈಗ ಅದೇ ಜನ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳ್ತಿದ್ದಾರೆ. ಹಾಗಾಗಿ ಬರೆದೇ ಇಟ್ಟೆ.

ಮೊದಲು ಸೋತ ಕಥೆ. ನಾಲ್ಕು ವರ್ಷದ ಹಿಂದೆ ಜನವರಿಯಲ್ಲಿ ನಾವು ನಾಲ್ಕೇ ಜನ ಹೋಗಿದ್ದೆವು. ಶಾಲೆಗೆ ರಜೆ ಇತ್ತು, ಆಲಿಸ್ ಸ್ಪ್ರಿಂಗ್ಸ್‌ಗೆ ಟಿಕೆಟ್ ಅಗ್ಗವಾಗಿ ಸಿಕ್ಕಿತ್ತು. ಅಲ್ಲಿಂದ ಉಲುರು 450 ಕಿಲೋಮೀಟರ್, ಐದು ಗಂಟೆ ದಾರಿ, ಅದೇನು ಮಹಾ ಅಂದುಕೊಂಡೆವು. ವಿಮಾನ ತಡವಾಯಿತು, ಕಾರು ಕೈಗೆ ಬರುವಾಗ ಸಂಜೆ ನಾಲ್ಕೂವರೆ. ಬಾಡಿಗೆ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಊರಿನ ಹೊರಗೆ ಕತ್ತಲಾದ ಮೇಲೆ ಓಡಿಸಿದರೆ ಇನ್ಶೂರೆನ್ಸ್ ಇಲ್ಲ. ದನ, ಒಂಟೆ, ಕಾಂಗರೂ ಎಲ್ಲಾ ರಸ್ತೆಗೆ ಬರುತ್ತವೆ, ಆ ನಿಯಮ ಸರಿಯೇ. ದಾರಿ ನಡುವಿನ ತಂಗುದಾಣ ಎರ್ಲ್‌ಡಂಡಾ ಹತ್ತಿರ ಹೊತ್ತು ಇಳಿಯಿತು. ಅಲ್ಲೇ ರೂಮು ಹಿಡಿದೆವು, ಲೆಕ್ಕದಲ್ಲಿ ಇಲ್ಲದ 180 ಡಾಲರ್ ಹೋಯಿತು. ಮಾರನೇ ದಿನ ಬೆಳಿಗ್ಗೆ ಎಡಗಡೆ ದೊಡ್ಡ ಕೆಂಪು ಗುಡ್ಡ ಕಂಡಿತು, ಮಕ್ಕಳು ಕಿರುಚಿದರು, ಇಪ್ಪತ್ತು ಫೋಟೋ ತೆಗೆದೆವು. ಅದು ಮೌಂಟ್ ಕಾನರ್. ಉಲುರು ಇನ್ನೂ ಮುಂದಿತ್ತು.

ಬಂಡೆ ಇರುವ ನ್ಯಾಷನಲ್ ಪಾರ್ಕಿನೊಳಗೆ ಕಾಲಿಡುವಾಗ ಹನ್ನೊಂದು ದಾಟಿತ್ತು, ಬಿಸಿಲು 42 ಡಿಗ್ರಿ. ಅದೇ ಪಾರ್ಕಿನ ಇನ್ನೊಂದು ಬಂಡೆಗಳ ಗುಂಪು ಕಾಟಾ ಜೂಟಾದ ವ್ಯಾಲಿ ಆಫ್ ದಿ ವಿಂಡ್ಸ್ ಕಾಲುದಾರಿಯನ್ನು ಬಿಸಿಲು 36 ಮುಟ್ಟುವ ದಿನ 11 ಗಂಟೆಗೇ ಮುಚ್ಚುತ್ತಾರೆ. ಅದೂ ಹೋಯಿತು. ನೊಣ ಮೂಗು ಬಾಯಿ ಬಿಡಲಿಲ್ಲ. ಚಿಕ್ಕವಳು ಅತ್ತು ಅತ್ತು ಕಾರಿನಲ್ಲೇ ಮಲಗಿದಳು. ಕಾರಿಗೆ ದಿನಕ್ಕೆ 100 ಕಿಲೋಮೀಟರ್ ಮಾತ್ರ ಬಿಟ್ಟಿ. ನಾಲ್ಕು ದಿನದಲ್ಲಿ 1,150 ಓಡಿಸಿದ್ದೆವು, ಹೆಚ್ಚುವರಿಗೆ 200 ಡಾಲರ್ ಹತ್ತಿರ ಕಟ್ಟಿದೆವು. ಒಟ್ಟು 4,300 ಖರ್ಚು. ಬಂಡೆಯನ್ನು ಕಾರಿನ ಕಿಟಕಿಯಿಂದ ನೋಡಿದ್ದೇ ಜಾಸ್ತಿ.

ಎರಡನೇ ಸಲ ಅಮ್ಮ ಅಪ್ಪಯ್ಯ ಬರುತ್ತಾರೆ ಅಂತ ಏಪ್ರಿಲ್‌ಗೆ ಬುಕ್ ಮಾಡಿದೆ. ವೀಸಾ ಬರುವ ಮೊದಲೇ ಮಾಡಿದ್ದು ತಪ್ಪು. ಟಿಕೆಟ್ ದುಡ್ಡಿನಲ್ಲಿ ಅರ್ಧವೂ ವಾಪಸ್ ಬರಲಿಲ್ಲ.

ಮೂರನೇ ಸಲಕ್ಕೆ ನಾನು ಊರಿನಿಂದ ಶುರು ಮಾಡದೆ ಅಮ್ಮನ ಕಾಲಿನಿಂದ ಶುರು ಮಾಡಿದೆ. ಅಮ್ಮ ಎಷ್ಟು ನಡೆಯಬಲ್ಲರು? ಒಂದು ಸಲಕ್ಕೆ ಅರ್ಧ ಕಿಲೋಮೀಟರ್, ಕೂತು ಎದ್ದರೆ ಮತ್ತೆ ಅರ್ಧ. ಹಿಂದೆ ತಿರುವಣ್ಣಾಮಲೈಯಲ್ಲಿ 14 ಕಿಲೋಮೀಟರ್ ಗಿರಿವಲ, ಅಂದರೆ ಬೆಟ್ಟದ ಪ್ರದಕ್ಷಿಣೆ, ಮುಗಿಸಿದವರು. ಉಲುರು ಫೋಟೋ ನೋಡಿದ ದಿನದಿಂದ "ಇದಕ್ಕೂ ಒಂದು ಸುತ್ತು ಬರಬೇಕು" ಅಂತ ಹಟ. ಬುಡದ ಸುತ್ತಿನ ದಾರಿ 10.6 ಕಿಲೋಮೀಟರ್. ಒಂದೇ ಉಸಿರಿಗೆ ಆಗದ ಮಾತು. ಆದರೆ ಪಾರ್ಕಿನ ಪಾಸು ಮೂರು ದಿನಕ್ಕೆ, ದೊಡ್ಡವರಿಗೆ 38 ಡಾಲರ್, ಮಕ್ಕಳಿಗೆ ಬಿಟ್ಟಿ. ಬಂಡೆಯ ಸುತ್ತ ಕಾರಿನ ರಸ್ತೆಯೂ ಇದೆ. ಸುತ್ತನ್ನು ತುಂಡು ಮಾಡಿದೆ. ಬಂಡೆ ಬಲಗಡೆ ಇರುವಂತೆ ಕಾರಿನಲ್ಲಿ ಸುತ್ತುವುದು, ಬುಡದಲ್ಲಿರುವ ಮಾಲಾ ಅನ್ನುವ ಕಾಲುದಾರಿಯ 2 ಕಿಲೋಮೀಟರ್ ಒಂದು ದಿನ, ಕುನಿಯಾ ಅನ್ನುವ ಕಾಲುದಾರಿಯ 1 ಕಿಲೋಮೀಟರ್ ಇನ್ನೊಂದು ದಿನ ಇಳಿದು ನಡೆಯುವುದು. ಎರಡೂ ಮಟ್ಟಸ ದಾರಿ, ವೀಲ್‌ಚೇರ್ ಹೋಗುತ್ತದೆ. ಗೆಳತಿಯ ಮಡಚುವ ವೀಲ್‌ಚೇರ್ ತಂದೆವು, ವಿಮಾನದಲ್ಲಿ ಅದಕ್ಕೆ ದುಡ್ಡು ಕೇಳಲಿಲ್ಲ. ಅಮ್ಮ ಅದರಲ್ಲಿ ಕೂತದ್ದಕ್ಕಿಂತ ಅದನ್ನು ಹಿಡಿದು ನಡೆದದ್ದೇ ಹೆಚ್ಚು.

ನಾನು, ದೊಡ್ಡ ಮಗಳು ಪೂರ್ತಿ ಸುತ್ತು ಬಂದೆವು, ಮೂರೂವರೆ ಗಂಟೆ. ಮಾಲಾ ಹತ್ತಿರ ಹೊರಟು ಬಲಸುತ್ತು ಹೋಗಿ ಅಂತ ಪಾರ್ಕಿನವರೇ ಹೇಳುತ್ತಾರೆ. ಇದನ್ನು ಕೇಳಿ ಅಮ್ಮನಿಗೆ ಆದ ಖುಷಿ ಹೇಳತೀರದು.

ಹೊತ್ತಿನ ಲೆಕ್ಕ ಇಷ್ಟೇ. ಆಗಸ್ಟಿನಲ್ಲಿ ಸೂರ್ಯ ಹುಟ್ಟುವುದು ಏಳೂಕಾಲರ ಆಸುಪಾಸು. ಅದಕ್ಕೆ ಮೊದಲೇ ಒಳಗೆ, ಹತ್ತೂವರೆಗೆ ವಾಪಸ್, ಅಡುಗೆ, ನಿದ್ದೆ, ನಾಲ್ಕೂವರೆಗೆ ಮತ್ತೆ ಒಳಗೆ. ನಡುಹಗಲು ಏನೂ ಇಟ್ಟುಕೊಳ್ಳಲಿಲ್ಲ. ಸೂರ್ಯೋದಯಕ್ಕೆ ಎಲ್ಲರೂ ನಿಲ್ಲುವ ಕಟ್ಟೆಗೆ ನಾವು ಹೋಗಲಿಲ್ಲ. ಎಲ್ಲಿ ನಿಂತೆವು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಇದ್ದದ್ದು ನಾವು ಆರು ಜನ, ಹಾಗೇ ಇರಲಿ.

ಇನ್ನು ನನಗೆ ಎಲ್ಲಕ್ಕಿಂತ ದೊಡ್ಡ ವಿಷಯ. ಅಮ್ಮ ಚೀಲದಲ್ಲಿ ಒಂದು ತೆಂಗಿನಕಾಯಿ, ಅರಿಶಿನ, ಕುಂಕುಮ ಇಟ್ಟುಕೊಂಡಿದ್ದರು. ವಾಪಸ್ ಬರುವಾಗ ಒಂದು ಹಿಡಿ ಕೆಂಪು ಮಣ್ಣು ದೇವರ ಕೋಣೆಗೆ ಬೇಕು ಅಂತಲೂ ಆಸೆ. ಹೇಗೆ ಬೇಡ ಅನ್ನಲಿ ಅಂತ ಒಂದು ವಾರ ಒದ್ದಾಡಿದೆ. ಕೊನೆಗೆ ನಮ್ಮ ತೀರ್ಥಹಳ್ಳಿ ಕಡೆಯ ನಾಗಬನ ನೆನಪಾಯಿತು. "ಅಮ್ಮ, ನಮ್ಮ ಬನದಲ್ಲಿ ಒಣಗಿದ ಕಡ್ಡಿಯನ್ನಾದರೂ ಮನೆಗೆ ತರ್ತೀವಾ? ಹೊರಗಿನವರು ಬಂದು ಅವರ ಪೂಜೆ ಮಾಡಿದರೆ ಸುಮ್ನೆ ಇರ್ತೀವಾ? ಇದು ಇಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ಬನ. ಅವರು 1985ರಲ್ಲಿ ಹೋರಾಡಿ ವಾಪಸ್ ಪಡೆದದ್ದು" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಯಿಯನ್ನು ಚೀಲದ ತಳಕ್ಕೆ ತಳ್ಳಿದರು.

ಕುನಿಯಾ ದಾರಿಯಲ್ಲಿ ಮುಟಿಜುಲು ಹೊಂಡ ಇದೆ. ಅಲ್ಲಿನ ಬಂಡೆಯ ಮೈಮೇಲೆ ಹಾವು ಹರಿದ ಹಾಗೆ ಕಪ್ಪು ಗೆರೆ. ಮೊಟ್ಟೆ ಹೊತ್ತು ಬಂದ ಹೆಬ್ಬಾವು ಹೆಂಗಸು ಕುನಿಯಾ, ತನ್ನ ಸೋದರಳಿಯನಿಗಾಗಿ ವಿಷದ ಹಾವು ಲಿರುವಿನ ಜೊತೆ ಕಾದಾಡಿದ ಜಾಗ. ಫಲಕದಲ್ಲಿದ್ದ ಕಥೆಯನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅಮ್ಮ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು, ಕೈ ಮುಗಿದರು, ಅಷ್ಟೇ. ಮುಂದೆ ಕೆಲವು ಕಡೆ ಫೋಟೋ ಬೇಡ ಅನ್ನುವ ಫಲಕ. ಮಗಳು ಫೋನ್ ಎತ್ತಿದರೆ ಅಜ್ಜಿಯೇ ಕೈ ಹಿಡಿದು ಇಳಿಸಿದರು. ಇಲ್ಲಿಂದ ಕಲ್ಲು ಒಯ್ದವರು ಎಷ್ಟೋ ವರ್ಷದ ಮೇಲೆ ಕ್ಷಮೆ ಕೇಳಿ ಅಂಚೆಯಲ್ಲಿ ವಾಪಸ್ ಕಳಿಸುತ್ತಾರಂತೆ ಅಂದೆ. "ಕಳಿಸದೆ ಇನ್ನೇನು" ಅಂದರು ಅಮ್ಮ.

ನಾವು ತಂಗಿದ್ದು ಪಾರ್ಕಿನ ಹೊರಗಿನ ಪುಟ್ಟ ಊರು ಯುಲಾರಾದ ಕ್ಯಾಂಪ್‌ಗ್ರೌಂಡಿನ ಕ್ಯಾಬಿನ್‌ನಲ್ಲಿ. ಆರು ಜನಕ್ಕೆ ಒಂದೇ ಕ್ಯಾಬಿನ್, ರಾತ್ರಿಗೆ 230 ಡಾಲರ್ ಇರಬೇಕು. ಒಳಗೆ ಅಡುಗೆ ಆಗುತ್ತದೆ, ಬಾತ್‌ರೂಮ್ ಮಾತ್ರ ಹೊರಗೆ. ಇದನ್ನು ನಾನು ಹಗುರವಾಗಿ ತೆಗೆದುಕೊಂಡುಬಿಟ್ಟೆ. ಮೊದಲ ರಾತ್ರಿ ಎರಡು ಗಂಟೆಗೆ ಅಮ್ಮ ಎದ್ದರು, ಹೊರಗೆ 2 ಡಿಗ್ರಿ. ಅಪ್ಪಯ್ಯನ ಮಂಕಿ ಟೋಪಿ, ಇವರ ಜಾಕೆಟ್, ನನ್ನ ಶಾಲು ಎಲ್ಲಾ ಹಾಕಿ ಕೈ ಹಿಡಿದು ನಡೆಸಿದೆ. ವಯಸ್ಸಾದವರು ಇದ್ದರೆ ಬಾತ್‌ರೂಮಿಗೆ ಹತ್ತಿರದ ಕ್ಯಾಬಿನ್ ಬೇಕು ಅಂತ ಫೋನ್ ಮಾಡಿ ಕೇಳಿ. ಎರಡನೇ ರಾತ್ರಿಗೆ ನಾವು ಬದಲಾಯಿಸಿಕೊಂಡೆವು.

ಆ ರಾತ್ರಿಯೇ ಅಪ್ಪಯ್ಯ ಹೊರಗೆ ಬಂದು ತಲೆ ಎತ್ತಿದ್ದು. ಮರುದಿನ ಸಂಜೆ ಅವರೇ ಮಕ್ಕಳನ್ನು ಕೂರಿಸಿಕೊಂಡು ತೋರಿಸಿದರು. ನಮ್ಮೂರಲ್ಲಿ ಬೇಸಿಗೆಯ ರಾತ್ರಿ ದಕ್ಷಿಣದಲ್ಲಿ ತಗ್ಗಿನಲ್ಲಿ ಕಾಣುವ ತ್ರಿಶಂಕು ನಕ್ಷತ್ರಪುಂಜ ಇಲ್ಲಿ ಎಷ್ಟೋ ಮೇಲೆ. ಆಕಾಶಗಂಗೆ ನೆತ್ತಿಯ ಮೇಲೆ. ಧ್ರುವ ನಕ್ಷತ್ರ ಮಾತ್ರ ಇಲ್ಲ. ನಾನು ಫೋನನ್ನು ಕಲ್ಲಿಗೆ ಒರಗಿಸಿ ಮೂವತ್ತು ಸೆಕೆಂಡಿನ ಫೋಟೋ ತೆಗೆದೆ, ಹತ್ತರಲ್ಲಿ ಎರಡು ಚೆನ್ನಾಗಿ ಬಂತು.

ಅಲ್ಲಿನ ಕರೆಂಟ್ ಬಾರ್ಬೆಕ್ಯೂ ತಟ್ಟೆಯ ಮೇಲೆ ಅಕ್ಕಿ ರೊಟ್ಟಿಯನ್ನೂ ಮಾಡಿದೆ. ತಟ್ಟೆಯ ಮೇಲೆ ಮಾಂಸ ಬೆಂದಿರುತ್ತದೆ, ಹಾಗಾಗಿ ಎರಡು ಪದರ ಫಾಯಿಲ್. ಮೊದಲ ಎರಡು ರೊಟ್ಟಿ ಅಂಟಿ ಹರಿದವು. ನಡುವೆ ಬಿಸಿ ಜಾಸ್ತಿ, ಅಂಚಿನಲ್ಲಿ ಇಲ್ಲವೇ ಇಲ್ಲ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ, ಮತ್ತೆ ಗುಂಡಿ ಒತ್ತಬೇಕು. ಹಿಟ್ಟಿಗೆ ಒಂದು ಬೆರಕೆ ಹಾಕಿದ ಮೇಲೆ ಹನ್ನೆರಡು ರೊಟ್ಟಿ ಸಲೀಸಾಗಿ ಎದ್ದವು. ಆ ಬೆರಕೆ ನನ್ನಲ್ಲೇ ಇರಲಿ. ಪಕ್ಕದ ಜರ್ಮನ್ ದಂಪತಿ ನಾಲ್ಕು ತಿಂದರು.

ದುಡ್ಡಿನ ಲೆಕ್ಕ ನೆನಪಿನಿಂದ: ಮೆಲ್ಬರ್ನಿನಿಂದ ನೇರ ವಿಮಾನ, ಆರು ಜನಕ್ಕೆ 2,300ರ ಒಳಗೆ. ಕ್ಯಾಬಿನ್ 690. ಕಾರು 500. ಪಾಸು 152. ದಿನಸಿ 200, ಪೆಟ್ರೋಲ್ 60. ಎಲ್ಲಾ ಸೇರಿ 3,900. ಮೊದಲ ಸಲಕ್ಕಿಂತ ಇಬ್ಬರು ಹೆಚ್ಚು, ಖರ್ಚು ಕಮ್ಮಿ. ಮಕ್ಕಳಿಗೆ ಮೂರು ದಿನ ಶಾಲೆ ತಪ್ಪಿಸಿದೆ, ರಜೆಯಲ್ಲಿ ಹೋಗಿದ್ದರೆ ಈ ಲೆಕ್ಕ ಕೂಡುತ್ತಿರಲಿಲ್ಲ.

ಹೊರಡುವ ದಿನ ಕಾರು ಹತ್ತುವ ಮೊದಲು ಅಮ್ಮ ಎರಡೂ ಚಪ್ಪಲಿಯನ್ನು ಒಂದಕ್ಕೊಂದು ಬಡಿದು ಮಣ್ಣು ಉದುರಿಸಿದರು. ಮಕ್ಕಳ ಶೂಗಳನ್ನೂ ಬಿಚ್ಚಿಸಿ ಒದರಿದರು. ತೆಂಗಿನಕಾಯಿ ನಮ್ಮ ಜೊತೆ ಮೆಲ್ಬರ್ನಿಗೆ ವಾಪಸ್ ಬಂತು, ಶುಕ್ರವಾರ ಮನೆಯ ದೇವರ ಮುಂದೆ ಒಡೆದೆವು. ಮುಂದಿನ ವರ್ಷ ಅತ್ತೆ ಮಾವ ಬರುತ್ತಾರೆ. ಗೆಳತಿಯನ್ನು ಕೇಳಿ ವೀಲ್‌ಚೇರನ್ನು ನಾನೇ ಇಟ್ಟುಕೊಂಡಿದ್ದೇನೆ.