ಜನರ ಹಿಂದೆ ನಿಂತ ಮನೆಗಳು

ನಮ್ಮ ಕಡೆ ಮನೆಯ ಫೋಟೊ ಅಂತ ಯಾರೂ ತೆಗೆಸಲಿಲ್ಲ. ಮದುವೆಯದ್ದು ತೆಗೆಸಿದರು. ತೊಟ್ಟಿಲಿಗೆ ಹಾಕಿದ ದಿನದ್ದು ತೆಗೆಸಿದರು. ಮುಂಬಯಿಯ ಹೋಟೆಲಿಗೆ ಕೆಲಸಕ್ಕೆ ಹೊರಟ ಮಗನದ್ದು ತೆಗೆಸಿದರು. ಮನೆ ಅವರ ಹಿಂದೆ ಇತ್ತು, ಅಷ್ಟೇ. ಆ ಹಿಂದಿನ ಮನೆಗಾಗಿ ನಾನು ಆರು ವರ್ಷದಿಂದ ಮರವಂತೆಯ ಸುತ್ತಮುತ್ತ ಮನೆ ಮನೆಯ ಆಲ್ಬಮ್ ಕೇಳುತ್ತಾ ತಿರುಗುತ್ತಿದ್ದೇನೆ.

ಮರವಂತೆ ನೋಡಿದವರಿಗೆ ಗೊತ್ತು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಮಳೆಗಾಲದಲ್ಲಿ ಕಡಲು ಮುಂದೆ ಬಂದು ತೆಂಗಿನ ಮರಗಳನ್ನು ಬುಡಸಮೇತ ಎಳೆದುಕೊಳ್ಳುತ್ತದೆ. ರಸ್ತೆ ಅಗಲ ಆಗುವಾಗ ಹೆದ್ದಾರಿ ಬದಿಯ ಹಳೆ ಮನೆಗಳು ಹೋದವು. ಅದರಲ್ಲಿ ನನ್ನ ಅಮ್ಮಮ್ಮನ ಮನೆಯೂ ಒಂದು. ಹೋದ ಮೇಲೆ ಅದರ ಫೋಟೊ ಹುಡುಕಿದೆ. ಸಿಕ್ಕಿದ್ದು ಚಿಕ್ಕಮ್ಮನ ಮದುವೆಯ ಒಂದೇ ಒಂದು. ಅದರಲ್ಲಿ ಅರ್ಧ ಬಾಗಿಲು, ಜಗಲಿಯ ಒಂದು ಕಂಬ. ಅಲ್ಲಿಂದ ಶುರುವಾಯಿತು ಈ ಕೆಲಸ.

ಮೊದಲ ವರ್ಷ ನಾನು ದೊಡ್ಡ ತಪ್ಪು ಮಾಡಿದೆ. ಸ್ಕ್ಯಾನ್ ಮಾಡಿದ ಫೋಟೊ ಚೆಂದ ಕಾಣಲಿ ಅಂತ ಅಂಚು ಕತ್ತರಿಸುತ್ತಿದ್ದೆ. ಮದುಮಕ್ಕಳು ಸರಿಯಾಗಿ ನಡುವೆ ಬಂದರೆ ಖುಷಿಯಾಗುತ್ತಿತ್ತು. ಹಾಗೆ ಒಂದು ಪ್ರಿಂಟ್ ಹಾಕಿಸಿ ಒಬ್ಬ ಅಜ್ಜಿಗೆ ಕೊಟ್ಟೆ. ಮದುಮಗಳು ಅವರೇ. ತುಂಬಾ ಹೊತ್ತು ನೋಡಿದರು. ಕೊನೆಗೆ, "ಬಾವಿ ಎಲ್ಲಿತ್ ಮಗಾ?" ಅಂದರು.

ಎಡ ಅಂಚಿನಲ್ಲಿ ಬಾವಿಕಟ್ಟೆಯ ಒಂದು ತುಂಡು ಇತ್ತು. ನಾನೇ ಕತ್ತರಿಸಿದ್ದೆ. ಮೂಲ ಸ್ಕ್ಯಾನ್ ಇಟ್ಟುಕೊಂಡಿರಲಿಲ್ಲ. ಆಲ್ಬಮ್ ಅಷ್ಟರಲ್ಲಿ ಮಗನ ಜೊತೆ ಮುಂಬಯಿ ಸೇರಿತ್ತು. ಮಾರನೇ ವರ್ಷ ಅವರು ಅದನ್ನು ಊರಿಗೆ ತಂದಾಗ ಅಜ್ಜಿ ಇರಲಿಲ್ಲ.

ಅವತ್ತಿನಿಂದ ಅಂಚು ಮುಟ್ಟುವುದಿಲ್ಲ. ಫೋಟೊದ ಬಿಳಿ ಚೌಕಟ್ಟೂ ಸೇರಿ ಪೂರ್ತಿ ಸ್ಕ್ಯಾನ್ ಮಾಡುತ್ತೇನೆ. ಹಿಂಬದಿಯನ್ನೂ ಬಿಡುವುದಿಲ್ಲ. ಸಾಧಾರಣ ಅಳತೆಯ ಫೋಟೊಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ, ಸಾಕು. ಆಗ್ಫಾ ಕ್ಲಿಕ್ ಕ್ಯಾಮೆರಾದ 6 ಸೆಂಟಿಮೀಟರ್ ಚೌಕದ ಚಿಕ್ಕ ಪ್ರಿಂಟುಗಳಿಗೆ 1200 ಇಡುತ್ತೇನೆ. ಅವುಗಳಲ್ಲಿ ಮುಖ ಉಗುರಿನಷ್ಟೂ ಇರುವುದಿಲ್ಲ, ಅದರ ಹಿಂದಿನ ಕಿಟಕಿ ಇನ್ನೂ ಸಣ್ಣದು. ಕಪ್ಪು ಬಿಳುಪು ಫೋಟೊವನ್ನೂ ಕಲರ್‌ನಲ್ಲೇ ಸ್ಕ್ಯಾನ್ ಮಾಡುತ್ತೇನೆ. ಸ್ಕ್ಯಾನಿನ ಮೂಲ ಫೈಲು (ಚಿತ್ರದ ವಿವರ ಕಳೆಯದೆ ಉಳಿಸುವ ಟಿಫ್ ರೂಪದ್ದು) ಹಾಗೇ ಇರುತ್ತದೆ. ತಿದ್ದುವುದೇನಿದ್ದರೂ ಅದರ ಪ್ರತಿಯಲ್ಲಿ.

ಕಡಲ ಬದಿಯ ಮನೆಗಳಲ್ಲಿ ಬೂಸ್ಟಿನ ಕಾಟ ಜಾಸ್ತಿ. ಬೂಸ್ಟು ಕಂಡ ಕೂಡಲೇ ಒದ್ದೆ ಬಟ್ಟೆ ಹಿಡಿಯಬೇಡಿ. ಚಿತ್ರ ಇರುವುದು ಜೆಲಟಿನ್ ಪದರದಲ್ಲಿ. ನೀರು ತಾಗಿದರೆ ಅದು ಉಬ್ಬಿ ಕಿತ್ತು ಬರುತ್ತದೆ. ಒಣ ಜಾಗದಲ್ಲಿಟ್ಟು, ಪೂರ್ತಿ ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಹಗುರವಾಗಿ ತೆಗೆಯಿರಿ. ಬಿಸಿಲಿಗಂತೂ ಇಡಬೇಡಿ. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಎಳೆಯಲೇಬಾರದು, ಗಾಜಿನ ಸಮೇತವೇ ಸ್ಕ್ಯಾನ್ ಮಾಡಬೇಕು. ಅಂಟು ಹಾಳೆಯ ಆಲ್ಬಮ್ ಆದರೆ ಹಲ್ಲಿನ ಸಂದು ತಿಕ್ಕುವ ದಾರವನ್ನು ಫೋಟೊದ ಅಡಿಗೆ ತೂರಿಸಿ ನಿಧಾನಕ್ಕೆ ಸರಿಸುತ್ತೇನೆ. ಬಾರದಿದ್ದರೆ ಬಿಟ್ಟುಬಿಡುತ್ತೇನೆ. ಹಿಂದೆ ಹೆಸರು ಬರೆಯುವುದಿದ್ದರೆ ಮೆತ್ತನೆ ಪೆನ್ಸಿಲ್ ಮಾತ್ರ. ಪೆನ್ನಿನಲ್ಲಿ ಒತ್ತಿ ಬರೆದ ಅಕ್ಷರ ಮುಂದಿನ ಮುಖದ ಮೇಲೆ ಮೂಡಿದ್ದನ್ನು ನೋಡಿದ್ದೇನೆ.

ಆಲ್ಬಮ್ಮನ್ನು ನಾನು ಮನೆಗೆ ಒಯ್ಯುವುದಿಲ್ಲ. ಸ್ಕ್ಯಾನರನ್ನೇ ಅವರ ಮನೆಗೆ ಒಯ್ಯುತ್ತೇನೆ. ನಂಬಿಕೆಯ ಪ್ರಶ್ನೆ ಅಂತ ಮಾತ್ರ ಅಲ್ಲ. ಸ್ಕ್ಯಾನರ್ ನಿಧಾನಕ್ಕೆ ಓಡುವಾಗಲೇ ಮಾತು ಬರುವುದು. ಮೊದಲೆಲ್ಲ "ಇವರು ಯಾರು?" ಅಂತ ಕೇಳುತ್ತಿದ್ದೆ. ಹೆಸರು ಹೇಳಿ ಸುಮ್ಮನಾಗುತ್ತಿದ್ದರು. ಈಗ "ಈ ಬಾಗಿಲು ದಾಟಿದರೆ ಎಂತ ಇತ್ತು?" ಅಂತ ಕೇಳುತ್ತೇನೆ. ಆಗ ಇಡೀ ಮನೆ ಎದ್ದು ನಿಲ್ಲುತ್ತದೆ. ಚಾವಡಿ, ಅಕ್ಕಿಮುಡಿ ಇಡುತ್ತಿದ್ದ ಕೋಣೆ, ಬಾಣಂತಿಯನ್ನು ಮಲಗಿಸುತ್ತಿದ್ದ ಮೂಲೆ, ಬಚ್ಚಲಿನ ಹಂಡೆ. ಒಂದು ಹಾಳೆಯಲ್ಲಿ ಅವರ ಕೈಯಲ್ಲೇ ಗೆರೆ ಎಳೆಸಿ, ಫೋಟೊದ ಜೊತೆಗೇ ಇಡುತ್ತೇನೆ. ಫೋಟೊ ತೋರಿಸದ ಮುಕ್ಕಾಲು ಮನೆ ಆ ಹಾಳೆಯಲ್ಲಿರುತ್ತದೆ.

ವರ್ಷ ಯಾವುದು ಅನ್ನುವುದು ಬೇರೆಯೇ ಕೆಲಸ. ಸ್ಟುಡಿಯೋದ ಮೊಹರಿನಲ್ಲಿ 'ಎಸ್.ಕೆ.' ಅಂತ ಇರುತ್ತದೆ, ಅಂದರೆ ಸೌತ್ ಕೆನರಾ, ದಕ್ಷಿಣ ಕನ್ನಡ ಜಿಲ್ಲೆಯ ಹಳೆಯ ಹೆಸರು. ಆದರೆ ಜನ ಅದನ್ನು ಬಹಳ ಕಾಲ ಬಿಡಲಿಲ್ಲ, ಹಾಗಾಗಿ ಅದೊಂದನ್ನೇ ನಂಬುವ ಹಾಗಿಲ್ಲ. ಪಿನ್‌ಕೋಡ್ ಇದ್ದರೆ ಗಟ್ಟಿ ಆಧಾರ. ಅದು ಶುರುವಾದದ್ದೇ 1972ರ ಆಗಸ್ಟ್ 15ಕ್ಕೆ, ಮೊಹರು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಮನೆಯ ಮಾಡು, ಅಂದರೆ ಛಾವಣಿ, ನೋಡಿ ವರ್ಷ ಹೇಳಲು ಹೋದರೆ ಕೆಡುತ್ತೇವೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಆದರೆ ಅದಾಗಿ ನೂರು ವರ್ಷ ಕಳೆದ ಮೇಲಿನ ಫೋಟೊಗಳಲ್ಲೂ ನಮ್ಮೂರ ಎಷ್ಟೋ ಮನೆಗಳಿಗೆ ಹುಲ್ಲಿನ ಮಾಡೇ ಇದೆ. ಹಂಚು ಬಂದದ್ದು ಕಾರ್ಖಾನೆ ತೆರೆದಾಗಲ್ಲ, ಕೈಯಲ್ಲಿ ದುಡ್ಡು ಬಂದಾಗ.

ಕಡಲತೀರದ ಫೋಟೊ ಕಡಿಮೆ. ನನ್ನ ಹತ್ತಿರ ರಂಪಣಿ ಬಲೆ, ಅಂದರೆ ದಡದಿಂದ ಜನ ಸೇರಿ ಎಳೆಯುವ ದೊಡ್ಡ ಮೀನುಬಲೆ, ಎಳೆಯುವ ಒಂದು ಫೋಟೊ ಇದೆ. ಹಗ್ಗ ಹಿಡಿದು ಸಾಲಾಗಿ ನಿಂತ ಗಂಡಸರು, ದೂರದಲ್ಲಿ ಬುಟ್ಟಿ ಇಟ್ಟುಕೊಂಡು ಕಾಯುತ್ತಿರುವ ಹೆಂಗಸರು. 1970ರ ದಶಕದ ಕೊನೆಗೆ ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಲ್ಲಿ ಸುತ್ತುವರಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ನಿಲ್ಲುತ್ತಾ ಹೋಯಿತು. ಆ ಫೋಟೊ ಮುಂದಿಟ್ಟಾಗ ಒಬ್ಬ ಹಿರಿಯರು ಮುಖ ನೋಡಲೇ ಇಲ್ಲ. ಹಗ್ಗ ಹಿಡಿದ ರೀತಿ ನೋಡಿ ಇಬ್ಬರ ಹೆಸರು ಹೇಳಿದರು.

ಸಾವಿರಕ್ಕೂ ಹೆಚ್ಚು ಫೋಟೊ ಸೇರಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಹೆಚ್ಚುಕಡಿಮೆ ಎಲ್ಲವೂ ಬೇಸಿಗೆಯವು. ಮದುವೆ ಆಗುವುದು ಆಗಲೇ, ಬೆಳಕು ಇರುವುದೂ ಆಗಲೇ ಅಲ್ವಾ. ಮಳೆಯಲ್ಲಿ ಕ್ಯಾಮೆರಾ ಹೊರಗೆ ತೆಗೆಯುವವರು ಯಾರು? ಆದರೆ ನಮ್ಮ ಮನೆಗಳ ನಿಜವಾದ ರೂಪ ಮಳೆಗಾಲದ್ದು. ಇರಿಚಲು (ಗಾಳಿಗೆ ಒಳಗೆ ಬರುವ ಮಳೆ) ಹೊಡೆಯದಿರಲಿ ಅಂತ ತೆಂಗಿನ ಮಡಲಿನ ತಟ್ಟಿ ಹೆಣೆದು ಜಗಲಿ ಸುತ್ತ ಕಟ್ಟುತ್ತಿದ್ದರು. ಒಳಗೆ ಮಧ್ಯಾಹ್ನವೇ ಕತ್ತಲೆ. ಒಲೆಯ ಮೇಲೆ ಬಟ್ಟೆ ಒಣಗುತ್ತಿತ್ತು.

ಅಂಥದ್ದು ಈವರೆಗೆ ಸಿಕ್ಕಿದ್ದು ಒಂದೇ. ಯಾರೋ ರೋಲಿನ ಕೊನೆಯ ಫಿಲ್ಮು ಖಾಲಿಯಾಗಲಿ ಅಂತ ಸುಮ್ನೆ ಕ್ಲಿಕ್ ಮಾಡಿದ್ದಿರಬೇಕು. ಫೋಕಸ್ ಇಲ್ಲ, ಜನರೂ ಇಲ್ಲ. ತಟ್ಟಿ ಕಟ್ಟಿದ ಜಗಲಿ, ಅಂಗಳದಲ್ಲಿ ನಿಂತ ನೀರು, ಮೆಟ್ಟಿಲ ಮೇಲೆ ಬಿಡಿಸಿಟ್ಟ ಒಂದು ಕೊಡೆ. ಮನೆಯವರು ಅದನ್ನು ಆಲ್ಬಮ್ಮಿಗೂ ಅಂಟಿಸಿರಲಿಲ್ಲ, ಕವರಿನಲ್ಲಿ ನೆಗೆಟಿವ್‌ಗಳ ಜೊತೆ ಬಿಟ್ಟಿದ್ದರು. ಈಗ ಯಾರ ಮನೆಗೆ ಹೋದರೂ ಆಲ್ಬಮ್ಮಿಗಿಂತ ಮೊದಲು ಆ ಕವರನ್ನೇ ಕೇಳುತ್ತೇನೆ.