ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿಗೆ ಹೋಗಿ ಬಂದವರು ಉಣುಗು ಹುಡುಕಿ ತೆಗೆಯುವುದು ಹೇಗೆ?

ಮಲೆನಾಡಿನವರು ಸೊಪ್ಪು, ಸೌದೆ, ತರಗೆಲೆಗೆಂದು ಹೆಚ್ಚಾಗಿ ಕಾಡಿಗಿಳಿಯುವ ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಅವಧಿಯಲ್ಲೇ ಮಂಗನ ಕಾಯಿಲೆಯ ವೈರಾಣು ಹೊತ್ತ ಉಣುಗುಮರಿಗಳೂ ಅಲ್ಲಿ ತುಂಬಿರುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ವೈರಾಣು ಇಂದು ಶಿವಮೊಗ್ಗವನ್ನು ದಾಟಿ ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲೂ, ನೆರೆಯ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿದೆ. ಸೋಂಕು ತಗುಲಿದ ನೂರು ಮಂದಿಯಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ನಿರ್ದಿಷ್ಟ ಔಷಧಿ ಇಲ್ಲ. ದಶಕಗಳ ಕಾಲ ಕೊಟ್ಟ ಲಸಿಕೆಯನ್ನು ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಆದ್ದರಿಂದ ಉಣುಗು ಕಚ್ಚದಂತೆ ನೋಡಿಕೊಳ್ಳುವುದು, ಕಚ್ಚಿದರೆ ಬೇಗ ತೆಗೆಯುವುದು, ಇವೆರಡೇ ನಮ್ಮ ಕೈಯಲ್ಲಿರುವುದು.

ಹೊರಡುವ ಮುನ್ನ ಮಾಡಬೇಕಾದ್ದು ಸುಲಭ. ತಿಳಿಬಣ್ಣದ, ತುಂಬುತೋಳಿನ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಬೂಟು ಹಾಕಿ. ಕೊಳೆ ಕಾಣದಿರಲೆಂದು ಕಪ್ಪು ಬಟ್ಟೆ ಉಟ್ಟು ಹೋಗುವವರಿದ್ದಾರೆ. ಅದರ ಮೇಲೆ ಉಣುಗೂ ಕಾಣುವುದಿಲ್ಲ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈ, ಕಾಲು, ಕುತ್ತಿಗೆಗೆ ಸವರಿಕೊಳ್ಳಿ. ಕಣ್ಣು, ಬಾಯಿ, ಗಾಯಗಳಿಗೆ ತಾಗಿಸಬೇಡಿ. ಅಂಟಂಟು ಎಂದು ಗೊಣಗಿ ಆ ಸೀಸೆಯನ್ನು ಅಟ್ಟಕ್ಕೇರಿಸಿ, ಪೇಟೆಯಿಂದ ಘಮಘಮಿಸುವ ಗಿಡಮೂಲಿಕೆಯ ಸೊಳ್ಳೆ ಮುಲಾಮು ತರುವುದು ದುಡ್ಡು ದಂಡ. ಸೊಳ್ಳೆಗೆಂದು ಮಾಡಿದ್ದು ಉಣುಗನ್ನೂ ತಡೆಯುತ್ತದೆಂದು ನಂಬಿ ಕಾಡಿಗೆ ಹೋಗಬೇಡಿ.

ಹೆಚ್ಚಿನವರು ಎಡವುವುದು ಮನೆಗೆ ಬಂದ ಮೇಲೆ. ಉಣುಗು ಎಂದೊಡನೆ ದನದ ಕಿವಿಯಲ್ಲಿ ರಕ್ತ ಹೀರಿ ಹುಣಸೆಬೀಜದಂತೆ ಉಬ್ಬಿರುವುದನ್ನು ನೆನೆದು, ಅಂಥದ್ದು ಮೈಮೇಲಿದ್ದರೆ ತಿಳಿಯದೇ ಇರುತ್ತದೆಯೇ ಎಂದುಕೊಳ್ಳುತ್ತಾರೆ. ದನದ ಮೈಯಲ್ಲಿ ಹೀಗೆ ಉಬ್ಬುವುದು ಬೆಳೆದ ಉಣುಗು. ಮನುಷ್ಯರಿಗೆ ಹೆಚ್ಚಾಗಿ ಕಚ್ಚಿ ವೈರಾಣು ದಾಟಿಸುವುದು ಅದರ ಮರಿ. ಗಾತ್ರ ಎಳ್ಳಿಗಿಂತ ಚಿಕ್ಕದು, ಕಚ್ಚಿದ್ದು ಬಹಳ ಸಲ ಗೊತ್ತೇ ಆಗುವುದಿಲ್ಲ. ಆದ್ದರಿಂದ ಉಟ್ಟ ಬಟ್ಟೆಯನ್ನು ಮಂಚದ ಮೇಲೆ ಎಸೆಯದೆ ನೇರವಾಗಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನಲ್ಲಿ ಮೈಯುಜ್ಜಿ ಸ್ನಾನ ಮಾಡಿ, ಬಳಿಕ ಒಳ್ಳೆಯ ಬೆಳಕಿನಲ್ಲಿ ಹುಡುಕಬೇಕು. ಕಿವಿಯ ಹಿಂಭಾಗ, ಕೂದಲಿನ ಅಂಚು, ಕಂಕುಳು, ಹೊಕ್ಕುಳು, ಸೊಂಟದ ಪಟ್ಟಿಯ ಜಾಗ, ತೊಡೆಸಂದು, ಮೊಣಕಾಲಿನ ಹಿಂದಿನ ಮಡಿಕೆ, ಕಾಲ್ಬೆರಳ ಸಂದುಗಳನ್ನು ಒಂದೊಂದಾಗಿ ನೋಡಿ. ಬೆನ್ನನ್ನು ಮನೆಯವರೇ ನೋಡಬೇಕು. ಕನ್ನಡಿಯನ್ನು ನಂಬಿದರೆ ಅರ್ಧ ಬೆನ್ನು ಉಳಿದುಹೋಗುತ್ತದೆ. ಹಿಂದಿನ ದಿನ ಇಲ್ಲದಿದ್ದ ಮಚ್ಚೆಯೊಂದು ಕಂಡರೆ ಭೂತಗನ್ನಡಿ ಹಿಡಿದು ಕಾಲುಗಳಿವೆಯೇ ಎಂದು ನೋಡಿ.

ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪಿನ ರಸ, ಆರಿಸಿದ ಬೆಂಕಿಕಡ್ಡಿ ಇವು ಯಾವುವೂ ಬೇಡ. ತಾನಾಗಿ ಬಿಟ್ಟು ಬರಲಿ ಎಂದು ಹಿಂಸಿಸಿ ಕಾಯುವಷ್ಟು ಹೊತ್ತೂ ಅದು ಚರ್ಮದಲ್ಲೇ ಇರುತ್ತದೆ, ಕೆರಳಿ ತನ್ನ ಜೊಲ್ಲನ್ನು ಗಾಯಕ್ಕೇ ಕಕ್ಕುವ ಸಂಭವವೂ ಇದೆ. ಬೇಕಾದದ್ದು ಮೊನೆ ಚೂಪಾದ ಒಂದು ಚಿಮುಟ. ಹುಬ್ಬು ತಿದ್ದುವ ಅಗಲ ಬಾಯಿಯ ಚಿಮುಟದಿಂದ ಹಿಡಿದರೆ ಹೊಟ್ಟೆ ಹಿಸುಕಿ ಒಳಗಿನ ದ್ರವ ಗಾಯಕ್ಕೆ ಸೇರಬಹುದು. ಚಿಮುಟದ ಮೊನೆಯನ್ನು ಚರ್ಮಕ್ಕೆ ತಾಗಿಸಿಯೇ ಇಟ್ಟು, ಉಣುಗಿನ ಬಾಯಿಯ ಭಾಗವನ್ನು ಹಿಡಿದು, ತಿರುಚದೆ, ಗಕ್ಕನೆ ಜಗ್ಗದೆ, ಒಂದೇ ಸಮನಾದ ಬಲದಿಂದ ನೇರ ಮೇಲಕ್ಕೆ ಎಳೆಯಿರಿ. ಚರ್ಮ ತುಸು ಎದ್ದು ಬಂದರೂ ಕೈ ಸಡಿಲಿಸಬೇಡಿ, ಕೆಲವು ಕ್ಷಣಗಳಲ್ಲಿ ಬಿಟ್ಟುಕೊಳ್ಳುತ್ತದೆ. ಮುಳ್ಳಿನಂಥ ಬಾಯಿಯ ತುಣುಕು ಒಳಗುಳಿದು ಸುಲಭವಾಗಿ ಬಾರದಿದ್ದರೆ ಸೂಜಿಯಿಂದ ಕೆದಕಬೇಡಿ. ಚರ್ಮವೇ ಅದನ್ನು ಹೊರದೂಡುತ್ತದೆ. ತೆಗೆದದ್ದನ್ನು ಉಗುರಿನಲ್ಲಿ ಚಿಟಕ್ಕೆನಿಸುವ ಚಪಲವನ್ನಂತೂ ಬಿಡಲೇಬೇಕು. ಸ್ಪಿರಿಟ್ಟಿನಲ್ಲಿ ಹಾಕಿ ಸಾಯಿಸಿ, ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆದು, ಕ್ಯಾಲೆಂಡರಿನಲ್ಲಿ ಆ ದಿನವನ್ನು ಗುರುತು ಮಾಡಿ.

ಗುರುತು ಮಾಡುವುದು ಜ್ವರದ ಲೆಕ್ಕಕ್ಕಾಗಿ. ಸೋಂಕು ತಗುಲಿದ್ದರೆ ಸಾಮಾನ್ಯವಾಗಿ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿಜ್ವರ, ತಲೆನೋವು, ತಡೆಯಲಾಗದ ಮೈಕೈನೋವು ಶುರುವಾಗುತ್ತವೆ. ಮುಂದೆ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತಸ್ರಾವ ಕಾಣಿಸಬಹುದು. ಅಂಗಡಿಯಲ್ಲಿ ನೋವಿನ ಮಾತ್ರೆ ಕೊಂಡು ನುಂಗಬೇಡಿ: ಆಸ್ಪಿರಿನ್, ಐಬುಪ್ರೊಫೆನ್‌ಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನೂ ಉಣುಗು ಕಚ್ಚಿದ ದಿನವನ್ನೂ ಕೇಳದಿದ್ದರೂ ಹೇಳಿ. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆ, ತಡವಾದರೆ ಪ್ರತಿಕಾಯದ ಪರೀಕ್ಷೆ ಎಂದು ವೈದ್ಯರು ನಿರ್ಧರಿಸುವುದು ಇದರ ಆಧಾರದ ಮೇಲೆಯೇ. ರೋಗಿಯನ್ನು ಮುಟ್ಟಿದರೆ ಕಾಯಿಲೆ ಬರುತ್ತದೆಂದು ದೂರ ಇಡುವ ಅಗತ್ಯವಿಲ್ಲ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಜ್ವರ ಬಿಟ್ಟಿತೆಂದು ಮರುದಿನವೇ ತೋಟಕ್ಕೆ ಹೊರಡುವುದೂ ಬೇಡ. ರೋಗಿಗಳಲ್ಲಿ ಶೇ 10ರಿಂದ 20ರಷ್ಟು ಮಂದಿಗೆ ಮೂರನೇ ವಾರದ ಹೊತ್ತಿಗೆ ಜ್ವರ ಮರಳಿ, ತೀವ್ರ ತಲೆನೋವು, ನಡುಕ, ಮಂಪರು ಕಾಣಿಸಿಕೊಳ್ಳುತ್ತವೆ; ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕಾಡಿನಲ್ಲಿ ಸತ್ತ ಮುಸುವ ಅಥವಾ ಮಂಗ ಕಂಡರೆ ಹತ್ತಿರ ಹೋಗಬೇಡಿ, ಹೂಳಲೂ ಮುಂದಾಗಬೇಡಿ. ಹೆಣ ತಣ್ಣಗಾದೊಡನೆ ಅದರ ಮೈಯಲ್ಲಿದ್ದ ಉಣುಗುಗಳು ಇಳಿದು ಸುತ್ತಲಿನ ನೆಲಕ್ಕೆ ಹರಡುತ್ತವೆ. ದೂರದಿಂದಲೇ ಜಾಗ ಗುರುತಿಸಿಕೊಂಡು ಬಂದು ಆಶಾ ಕಾರ್ಯಕರ್ತೆಗೋ ಅರಣ್ಯ ಸಿಬ್ಬಂದಿಗೋ ತಿಳಿಸಿ, ಮಿಕ್ಕ ಕೆಲಸವನ್ನು ಅವರಿಗೇ ಬಿಟ್ಟು, ಆ ಬದಿಯ ತರಗೆಲೆಯನ್ನು ಕೊಟ್ಟಿಗೆಗೆ ತರುವುದನ್ನು ಮಳೆಗಾಲ ಹಿಡಿಯುವವರೆಗೆ ನಿಲ್ಲಿಸಿ.